ಬಿದ್ದವನಿಗೆ ಕೈ ನೀಡಿದವನು

ಟೋಕಿಯೊ
ಮಾರ್ಚ್ ಹದಿನಾಲ್ಕು

ತೆಲಾವಿಯಲ್ಲಿರುವ ಲಮಾರಾ ಅಕ್ಕನವರಿಗೆ,

ಮಿತ್ಸುಎ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂದು ವಾರದ ಮೇಲಾಯಿತು. ತಡವಾದದ್ದಕ್ಕೆ ಬೇಸರಪಡಬೇಡಿ. ಬರೆಯಲು ಕೂತಾಗಲೆಲ್ಲ ಒಲೆಯ ಮೇಲೆ ಏನೋ ಇದೆ ಎಂಬ ನೆಪ ಸಿಗುತ್ತಿತ್ತು. ಈಗ ನಮ್ಮ ಹುಡುಗರೆಲ್ಲ ಒಸಾಕಾದ ಸುಮೊ ಪಂದ್ಯಗಳಿಗೆ ಹೋಗಿದ್ದಾರೆ, ಯಜಮಾನರೂ ಅವರ ಜೊತೆಗಿದ್ದಾರೆ. ಗರಡಿಮನೆ ಖಾಲಿಯಾಗಿದೆ. ನೆಪಗಳೂ ಮುಗಿದಿವೆ.

ಇಷ್ಟು ವರ್ಷ ನಮ್ಮಿಬ್ಬರ ಮಾತುಗಳನ್ನು ದಾಟಿಸುತ್ತಿದ್ದವನು ನಿಮ್ಮ ಮಗ ಮಲ್ಖಾಜನೇ. ಅವನು ಎಂಥ ದುಭಾಷಿ ಎಂದು ನನಗೆ ಅನುಮಾನ ಬಂದದ್ದು ನೀವು ಇಲ್ಲಿಗೆ ಬಂದಾಗ. ನೀವು ನನ್ನ ಕೈ ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಉಸಿರು ಬಿಡದೆ ಏನೇನೋ ಹೇಳಿದಿರಿ. ಅವನು ಕಿವಿ ಕೆರೆದುಕೊಂಡು, “ಊಟ ಚೆನ್ನಾಗಿತ್ತಂತೆ ಅಮ್ಮಾವ್ರೇ” ಅಂದ. ಅಷ್ಟೇನಾ ಎಂದರೆ, “ಅಷ್ಟೇ. ನಮ್ಮ ಭಾಷೆ ಸ್ವಲ್ಪ ಉದ್ದ” ಎಂದುಬಿಟ್ಟ. ಅಂದು ನೀವು ನಿಜಕ್ಕೂ ಏನು ಹೇಳಿದಿರಿ ಎಂದು ತಿಳಿಯುವ ಆಸೆ ನನಗೆ ಇನ್ನೂ ಇದೆ. ಅದಕ್ಕೇ ಈ ಪತ್ರವನ್ನು ಅವನ ಕೈಗೆ ಕೊಡುತ್ತಿಲ್ಲ. ನಿಮ್ಮ ಪತ್ರವನ್ನು ನನಗೆ ಓದಿ ಹೇಳಿದ, ಇಲ್ಲಿ ಓದಲು ಬಂದಿರುವ ನಿಮ್ಮ ಜಾರ್ಜಿಯಾದ ಹುಡುಗಿ ನಾತಿಯಾ, ಒಂದು ಮಾತೂ ಬಿಡದೆ ನಿಮ್ಮ ಭಾಷೆಗೆ ಇಳಿಸಿಕೊಡುತ್ತೇನೆ ಎಂದಿದ್ದಾಳೆ.

ನೆರೆಮನೆಯವರು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು ಎಂದು ಬರೆದಿದ್ದೀರಿ. ಮುಖವೆಲ್ಲ ರಕ್ತವಾಗಿ, ಪಂಜರದ ಬಲೆಗೆ ಒರಗಿ ಕುಸಿದವನು ನನ್ನ ಮಗನೇನಾ, ಮಕ್ಕಳಿಗೆ ಕುಸ್ತಿ ಹೇಳಿಕೊಡುತ್ತಿದ್ದೇನೆ ಎಂದು ನನಗೆ ಹೇಳಿದ್ದಾನಲ್ಲ, ನೀವೂ ಒಬ್ಬ ತಾಯಿ, ನಿಜ ಹೇಳಿ ಎಂದು ಕೇಳಿದ್ದೀರಿ. ಅಕ್ಕ, ನಾನು ಯಾರನ್ನೂ ಹೆತ್ತವಳಲ್ಲ. ಆದರೂ ನಿಜ ಹೇಳುತ್ತೇನೆ. ಹೌದು, ಅವನೇ.

ಗಾಬರಿಯಾಗಬೇಡಿ. ಎಡಗಣ್ಣಿನ ಕೆಳಗಿನ ಮೂಳೆ ಮುರಿದಿತ್ತು, ಆಪರೇಷನ್ ಆಗಿದೆ. ದೃಷ್ಟಿ ಉಳಿದಿದೆ. ಈ ತಿಂಗಳ ಕೊನೆಗೆ ಅವನು ನಿಮ್ಮ ಹತ್ತಿರ ಬರುತ್ತಾನೆ. ಮೆಟ್ಟಿಲ ಮೇಲೆ ಜಾರಿಬಿದ್ದೆ ಎಂದು ಹೇಳಲು ತಯಾರಾಗಿದ್ದಾನೆ, ನನ್ನ ಮುಂದೆ ಅಭ್ಯಾಸವನ್ನೂ ಮಾಡಿದ. ಅವನು ಸುಳ್ಳು ಹೇಳುವ ಮೊದಲೇ ನಿಮಗೆ ಎಲ್ಲ ತಿಳಿದಿದ್ದರೆ ನೀವು ಕೇಳಬೇಕಾಗುವುದಿಲ್ಲ, ಅವನು ಹೇಳಬೇಕಾಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಅವನು ಹದಿನೇಳರ ಹುಡುಗನಾಗಿ ಈ ಮನೆಗೆ ಬಂದಾಗ ಬಾಗಿಲಿಗೆ ತಲೆ ಹೊಡೆದುಕೊಂಡೇ ಒಳಗೆ ಬಂದ. ಮೀನಿನ ತಲೆ ತೇಲುವ ನಮ್ಮ ಸಾರು ನೋಡಿ ಬಟ್ಟಲನ್ನು ಮೆಲ್ಲಗೆ ಪಕ್ಕದವನ ಕಡೆ ಸರಿಸುತ್ತಿದ್ದ. ಅಳುವುದಿದ್ದರೆ ಸ್ನಾನದ ಮನೆಯಲ್ಲಿ, ಹಬೆಯೊಳಗೆ. ಗೋಡೆಯ ಈಚೆ ನಾನು ಅಕ್ಕಿ ತೊಳೆಯುತ್ತಿದ್ದರೆ ಕೇಳಿಸುತ್ತಿತ್ತು. ಒಂದು ದಿನ ನಿಮ್ಮ ಕಡೆಯ ರೀತಿಯಲ್ಲಿ ಕಾಳು ಬೇಯಿಸಿ, ಅಕ್ರೋಟು ಅರೆದು ಹಾಕಿ, ಎಲ್ಲೋ ಹುಡುಕಿ ತಂದ ಕೊತ್ತಂಬರಿ ಸೊಪ್ಪು ಹಾಕಿ ಕೊಟ್ಟೆ. ಯಜಮಾನರು ಸಿಡುಕಿದರು: “ಇದೇನು ಗರಡೀನಾ ಹೋಟ್ಲಾ? ನಾಳೆ ಒಬ್ಬೊಬ್ಬ ಒಂದೊಂದು ಕೇಳ್ತಾನೆ.” ಮಲ್ಖಾಜ ಬಾಣಲೆ ಸಮೇತ ಮುಗಿಸಿ, ಆಗತಾನೇ ಕಲಿತಿದ್ದ ನಮ್ಮ ಭಾಷೆಯಲ್ಲಿ, “ಉಪ್ಪು ಕಮ್ಮಿ” ಅಂದ. ಯಜಮಾನರಿಗೆ ನಗು ತಡೆಯಲಾಗದೆ ಎದ್ದು ಹೋದರು.

ಯುಕಿಮಿನೆ, ಹಿಮದ ಶಿಖರ, ಎಂದು ಅಖಾಡದ ಹೆಸರಿಟ್ಟವರು ಅವರೇ. ಬೆತ್ತದಿಂದ ಬಾರಿಸಿದವರೂ ಅವರೇ. ಗೆದ್ದು ಕೈ ಎತ್ತಿ ಕುಣಿದರೆ ಏಟು. ಬಿದ್ದ ಎದುರಾಳಿಗೆ ಕೈ ನೀಡಿ ಎಬ್ಬಿಸದಿದ್ದರೆ ಎರಡು ಪಟ್ಟು. ನಿಮ್ಮ ಮಗ ಮೆಲ್ಲಮೆಲ್ಲನೆ ಮೇಲಿನ ದರ್ಜೆಗೆ ಏರಿದ. ಎಲ್ಲರಿಗಿಂತ ದೊಡ್ಡ ಪೈಲ್ವಾನನಾದ ಯೊಕೊಜುನನನ್ನು ಅವನು ಕಣದಿಂದ ಎತ್ತಿ ಹೊರಗಿಟ್ಟ ಸಂಜೆ ಜನ ಕೂತಿದ್ದ ಮೆತ್ತೆಗಳನ್ನೆಲ್ಲ ಗಾಳಿಗೆ ತೂರಿದರು. ಒಂದು ಮೆತ್ತೆ ಬಂದು ಯಜಮಾನರ ತಲೆಗೇ ಬಡಿಯಿತು. ಅವರು ಅದನ್ನು ಮನೆಗೆ ತಂದು ಇವತ್ತಿಗೂ ಅದರ ಮೇಲೇ ಕೂರುತ್ತಾರೆ.

ಆಮೇಲೆ ಮೊಣಕಾಲು ಹೋಯಿತು. ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಮಗೆ ಮಕ್ಕಳಿಲ್ಲದ್ದರಿಂದ ಈ ಗರಡಿಯನ್ನು ಅವನ ಕೈಗೇ ಒಪ್ಪಿಸಬೇಕೆಂದು ಯಜಮಾನರು ಆಸೆಪಟ್ಟಿದ್ದರು. ಆದರೆ ಗರಡಿಯ ಗುರುವಾಗಬೇಕಾದರೆ ಜಪಾನಿನ ಪ್ರಜೆಯಾಗಬೇಕು, ಹುಟ್ಟಿದ ದೇಶದ ಪೌರತ್ವ ಬಿಡಬೇಕು. ಅವನನ್ನು ಕೂರಿಸಿಕೊಂಡು ಕೇಳಿದರು. ಅವನು ಚಾಪೆಯ ಅಂಚು ಸವರತೊಡಗಿದ.

“ಈಸ್ಟರ್ ಹಬ್ಬಕ್ಕೆ ಅಪ್ಪನ ಸಮಾಧಿ ಮೇಲೆ ವೈನ್ ಸುರಿಯೋಕೆ ನಾನು ಪರದೇಶಿಯಾಗಿ ಹೋಗ್ಬೇಕಾ ಗುರುಗಳೇ?” ಎಂದ.

“ಅಮ್ಮನ್ನ ಒಂದು ಮಾತು ಕೇಳು.”

“ಕೇಳಿದ್ರೆ ಹೂಂ ಅಂತಾಳೆ. ಅದಕ್ಕೇ ಕೇಳಲ್ಲ.”

ಅವನು ನಿಮ್ಮನ್ನು ಕೇಳಲೇ ಇಲ್ಲ ಅಲ್ಲವೇ? ಯಜಮಾನರು ಮತ್ತೆ ಆ ಮಾತು ಎತ್ತಲಿಲ್ಲ. ಆ ರಾತ್ರಿ ಅವರ ಅನ್ನ ಹಾಗೇ ಆರಿಹೋಯಿತು.

ಸುಮೊ ಬಿಡುವವನ ಜುಟ್ಟು ಕತ್ತರಿಸುವ ದಿನ ನೀವು ಬಂದಿರಿ. ನೀವು ತಂದ, ದಾರಕ್ಕೆ ಪೋಣಿಸಿ ದ್ರಾಕ್ಷಿ ರಸದಲ್ಲಿ ಅದ್ದಿದ ಅಕ್ರೋಟಿನ ಸಿಹಿಯನ್ನು ನಮ್ಮ ಹುಡುಗರು ಮೇಣದಬತ್ತಿ ಎಂದುಕೊಂಡು ದೇವರ ಮುಂದೆ ಇಟ್ಟಿದ್ದರು. ಅಷ್ಟು ದೂರದಿಂದ ಬಂದರೂ ಹೆಂಗಸರು ಕಣವನ್ನು ಹತ್ತುವಂತಿಲ್ಲ ಎಂದು ತಿಳಿದಾಗ ನಿಮ್ಮ ಮುಖ ಹೇಗಾಯಿತೆಂದು ನಾನು ನೋಡಿದೆ. ಯಾರು ಯಾರೋ ಗಂಡಸರು ಸಾಲಾಗಿ ಹತ್ತಿ ಒಂದೊಂದು ಎಳೆ ಕತ್ತರಿಸಿದರು. ಹೆತ್ತ ನೀವು ಕೆಳಗೆ ಕೂತಿದ್ದಿರಿ. ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ನಾನೂ ಕೆಳಗೇ ಕೂತವಳು. ನೀವು ನನ್ನ ಬೆರಳುಗಳನ್ನು ಹಿಂಡಿದ ನೋವು ಮರುದಿನವೂ ಇತ್ತು. ಆಮೇಲೆ ಹಿಂದಿನ ಕೋಣೆಯಲ್ಲಿ, ಕ್ಷೌರದವನು ಸರಿಮಾಡಿದ ಅವನ ಗಿಡ್ಡ ಕೂದಲಲ್ಲಿ ಕೈಯಾಡಿಸಿ ನೀವು ನಕ್ಕಿರಿ. ಜುಟ್ಟಿಲ್ಲದ ಆ ತಲೆ ನನಗೆ ಮರೆತೇ ಹೋಗಿತ್ತು. ಅದು ನಿಮ್ಮ ಗುರುತಿನ ತಲೆ. ನನಗೆ ಹೊಟ್ಟೆಕಿಚ್ಚಾಯಿತು.

ನೀವು ಹೋದ ಮೇಲೆ ಅವನು ಒಂದು ಹೋಟೆಲಿನಲ್ಲಿ ಕೆಲಸ ಮಾಡಿದ. ಒಂದು ವರ್ಷವೂ ಆಗಿರಲಿಲ್ಲ, ಪತ್ರಿಕೆಯಲ್ಲಿ ಅವನ ಚಿತ್ರ ಬಂತು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಕಾಳಗಕ್ಕೆ ಇಳಿಯುತ್ತಾನೆಂದು. ಗುದ್ದಬಹುದು, ಒದೆಯಬಹುದು, ಬಿದ್ದವನ ಮೇಲೆ ಕೂತು ಹೊಡೆಯಬಹುದು. ಯಜಮಾನರು ಪತ್ರಿಕೆಯನ್ನು ಮಡಚಿಟ್ಟರು. “ಪಂಜರದಲ್ಲಿ ಬಿಟ್ಟು ಕಾದಾಡಿಸೋಕೆ ಅವನೇನು ಕೋಳಿ ಹುಂಜನಾ? ನಾನಿಟ್ಟ ಹೆಸರು ಅಲ್ಲಿ ಯಾರೂ ಕೂಗಬಾರ್ದು. ಈ ಹೊಸ್ತಿಲೂ ತುಳಿಯಬಾರ್ದು” ಎಂದರು. ಅವನು ಎರಡನ್ನೂ ಪಾಲಿಸಿದ. ಅಲ್ಲಿ ಅವನು ಬರೀ ಮಲ್ಖಾಜ್.

ಮೊದಲ ಕಾಳಗಕ್ಕೆ ನಾನು ಹೋಗಿದ್ದೆ. ಉರಾವಾದಲ್ಲಿರುವ ತಂಗಿಯನ್ನು ನೋಡಿಬರುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅಷ್ಟು ತೂಕ ಇಳಿಸಿದ್ದ ಅವನನ್ನು ಮೊದಲು ಗುರುತೇ ಹಿಡಿಯಲಿಲ್ಲ, ನಡಿಗೆ ನೋಡಿ ತಿಳಿಯಿತು. ಎದುರಾಳಿ ಉದ್ದ ಕಾಲಿನ ಸಣಕಲ. ಗಂಟೆ ಬಾರಿಸುತ್ತಲೇ ಮಲ್ಖಾಜ ನುಗ್ಗಿ ಒಂದೇ ತಳ್ಳಿಗೆ ಅವನನ್ನು ಅಂಗಾತ ಕೆಡವಿದ. ನಾನು ಎದ್ದು ನಿಂತೆ. ಆಮೇಲೆ ಅವನು ಏನು ಮಾಡಿದ ಗೊತ್ತೇ? ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸಿ, ಬಿದ್ದವನಿಗೆ ಕೈ ನೀಡಿದ.

ಜನ ಹೋ ಎಂದು ನಕ್ಕರು. ಅವನ ಕೋಚ್ ಹೊರಗಿನಿಂದ, “ಮುಗಿದಿಲ್ಲ ಕಣೋ! ಮೇಲೆ ಬೀಳೋ!” ಎಂದು ಅರಚುತ್ತಿದ್ದ. ಆ ಸಣಕಲ ನೀಡಿದ ಕೈಯನ್ನೇ ಹಿಡಿದೆಳೆದು, ಎರಡು ಕಾಲುಗಳ ನಡುವೆ ಸಿಕ್ಕಿಸಿ ತಿರುಚಿದ. ಮಲ್ಖಾಜ ನೆಲ ತಟ್ಟಿ ಸೋಲೊಪ್ಪಿದ.

ಒಳಗೆ ಹೋದರೆ ಭುಜಕ್ಕೆ ಐಸ್ ಕಟ್ಟಿಕೊಂಡು ಕೂತಿದ್ದ. ಯಾಕೋ ಹಾಗೆ ಮಾಡಿದೆ ಎಂದೆ. “ನಾನೆಲ್ಲಿ ಮಾಡ್ದೆ ಅಮ್ಮಾವ್ರೇ, ಕೈ ತಾನೇ ಹೋಯ್ತು. ಗುರುಗಳ ಬೆತ್ತ ಬೆನ್ನಿಗೆ ಇನ್ನೂ ನೆನಪಿದೆ” ಎಂದು ನಕ್ಕ.

ಮನೆಗೆ ಬಂದಾಗ ಯಜಮಾನರು ಟಿವಿ ಆರಿಸಿ ಕೂತಿದ್ದರು. “ನಿನ್ನ ತಂಗಿ ಹೇಗಿದಾಳೆ?” ಎಂದರು.

“ಭುಜ ಉಳುಕಿದೆ” ಎಂದೆ.

“ಐಸ್ ಇಟ್ಕೊಂಡ್ಳಂತಾ?” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಅವನ ಮಾತು ನಡೆದದ್ದು ನನ್ನ ಬಡಪಾಯಿ ತಂಗಿಯ ಹೆಸರಿನಲ್ಲಿ. “ನಿನ್ನ ತಂಗಿಗೆ ಹೇಳು, ಬೆನ್ನು ತೋರಿಸಬಾರ್ದು. ಗದ್ದ ಕೆಳಗಿರ್ಲಿ.” ನಾನು ರೈಲು ಹಿಡಿದು ಕಾವಾಸಾಕಿಗೆ ಹೋಗಿ, ಲಾಂಡ್ರಿಯ ಮೇಲಿನ ಅವನ ಒಂಟಿ ಕೋಣೆಯಲ್ಲಿ ಕಾಳು ಬೇಯಿಸಿಟ್ಟು, ಅದನ್ನು ಹೇಳಿ ಬರುತ್ತಿದ್ದೆ. ಅವನು ಒಂದು ಕಾಳಗ ಗೆದ್ದ ದಿನವೂ ನಾನಿದ್ದೆ. ಕೆಡವಿದವನ ಮೇಲೆ ಕೂತು ಹೊಡೆಯುವುದನ್ನು ಕಲಿತಿದ್ದ. ನನಗೆ ನೋಡಲಾಗಲಿಲ್ಲ, ಚಪ್ಪಲಿ ನೋಡುತ್ತ ಕೂತೆ. ಯಾಕೆ ಬೇಕು ಈ ಕೆಲಸ ಎಂದು ಆಮೇಲೆ ಕೇಳಿದೆ.

“ಸುಮೊದಲ್ಲಿ ಮೊಣಕಾಲು ಮಣ್ಣಿಗೆ ತಾಗಿದ್ರೆ ಮುಗೀತು. ನಂದು ತಾಗಿಹೋಯ್ತು. ಇಲ್ಲಿ ಬಿದ್ಮೇಲೂ ಇನ್ನೂ ಟೈಮಿರುತ್ತೆ ಅಮ್ಮಾವ್ರೇ” ಎಂದ. ಊರಿಗೆ ಹೋಗು ಎಂದದ್ದಕ್ಕೆ, “ಏನಂತ ಹೋಗ್ಲಿ? ಪೈಲ್ವಾನ್ ಆಗ್ತೀನಿ ಅಂತ ಹೊರಟವನು” ಎಂದು ತಟ್ಟೆ ತೊಳೆಯಲು ಎದ್ದ.

ನೀವು ನೋಡಿದ ವಿಡಿಯೊ ವರ್ಷದ ಕೊನೆಯ ದಿನದ್ದು. ಅಂದು ನಾನು ಹೋಗಿರಲಿಲ್ಲ, ಹೊಸ ವರ್ಷದ ಅಡುಗೆಯಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗ ಓಡಿದೆ. ಆಪರೇಷನ್ ಆಗಿ ಕೆಲವು ದಿನ ಕಳೆದ ಮೇಲೆ ಯಜಮಾನರು ನನಗೆ ಹೇಳದೆ ಅಲ್ಲಿಗೆ ಬಂದರು. ಮಲ್ಖಾಜ ಏಳಲು ಹೋದ. ಮಲಗೆಂದು ಸನ್ನೆ ಮಾಡಿ, ಮಂಚದ ಕಾಲ ಬಳಿ ನಿಂತರು.

“ಮಲ್ಖಾಜ್,” ಎಂದರು. ಇಷ್ಟು ವರ್ಷಗಳಲ್ಲಿ ನೀವಿಟ್ಟ ಹೆಸರಿನಿಂದ ಅವನನ್ನು ಕರೆದದ್ದು ಅದೇ ಮೊದಲು. “ಸಾಕು. ಮನೆಗೆ ಹೋಗು.”

“ಯಾವ ಮನೆಗೆ ಗುರುಗಳೇ?”

ಅವನು ಕುಟುಕಲು ಕೇಳಿದ್ದಲ್ಲ ಅಕ್ಕ, ನಿಜವಾಗಿಯೇ ಕೇಳಿದ. ಯಜಮಾನರು ಕುರ್ಚಿ ಎಳೆದು ಕೂತು, ಅಲ್ಲಿದ್ದ ಕಿತ್ತಳೆ ಹಣ್ಣು ಸುಲಿಯತೊಡಗಿದರು. ಅವರು ಯಾರಿಗಾದರೂ ಹಣ್ಣು ಸುಲಿದುಕೊಟ್ಟದ್ದನ್ನು ನಾನು ಕಂಡೇ ಇರಲಿಲ್ಲ. ನಾರನ್ನೆಲ್ಲ ತೆಗೆದು, ತೊಳೆಗಳನ್ನು ಅವನ ಅಂಗೈಯಲ್ಲಿಟ್ಟು, “ನಿಮ್ಮಮ್ಮ ಇರೋ ಮನೆಗೆ” ಎಂದರು. “ಬೇಸಿಗೆ ಕಾಳಗಕ್ಕೆ ಮಾತು ಕೊಟ್ಟಿದೀನಿ” ಎಂದ. “ಆಗಲ್ಲ ಅನ್ನು. ನಾನು ಹೇಳ್ದೆ ಅನ್ನು.” ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ಹಣ್ಣು ತಿಂದ. ಮರುದಿನ ಫೋನ್ ಮಾಡಿ ಒಪ್ಪಂದ ಬಿಟ್ಟುಕೊಟ್ಟ.

ಮತ್ತೆ ಬರುತ್ತೀಯಾ ಎಂದು ನಾನು ಕೇಳಿಲ್ಲ. ಇರು ಎಂದೂ ಹೇಳಿಲ್ಲ. ಹೇಳಿದ್ದರೆ ಇದ್ದುಬಿಡುತ್ತಿದ್ದ ಎನಿಸುತ್ತದೆ, ಅದಕ್ಕೇ ಅವನ ಕೋಣೆಗೆ ಹೋದಾಗಲೆಲ್ಲ ಒಲೆಯ ಮುಂದೆಯೇ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿರುತ್ತೇನೆ.

ಅವನು ಬಂದಾಗ ಕೆಲವು ಸಂಗತಿ ನಿಮಗೆ ವಿಚಿತ್ರ ಕಾಣಬಹುದು. ಬೆಳಕಾಗುವ ಮೊದಲೇ ಎದ್ದು ಅಂಗಳ ಗುಡಿಸುತ್ತಾನೆ, ತಡೆಯಬೇಡಿ. ಸಿಟ್ಟು ಬಂದರೆ ನಮ್ಮ ಭಾಷೆಯಲ್ಲಿ ಬೈಯುತ್ತಾನೆ, ಅರ್ಥ ಕೇಳಬೇಡಿ. ಥಂಡಿಗೆ ಬಲ ಮೊಣಕಾಲು ಹಿಡಿದುಕೊಳ್ಳುತ್ತದೆ. ಸಾರಿಗೆ ಉಪ್ಪು ಜಾಸ್ತಿ ಬೇಕು. ಮೀನಿನ ತಲೆಯನ್ನು ಈಗ ಇಷ್ಟಪಟ್ಟು ತಿನ್ನುತ್ತಾನೆ, ನಿಮ್ಮಲ್ಲಿ ಸಿಕ್ಕರೆ ಒಮ್ಮೆ ಮಾಡಿಕೊಡಿ. ಈಸ್ಟರ್ ದಿನ ಅವನ ತಂದೆಯ ಸಮಾಧಿಗೆ ಇಬ್ಬರೂ ಹೋಗುತ್ತೀರಲ್ಲ, ಆ ಹೊತ್ತಿನಲ್ಲಿ ನಾನು ಇಲ್ಲಿಂದಲೇ ಒಮ್ಮೆ ಕೈ ಮುಗಿಯುತ್ತೇನೆ.

ನಿಮ್ಮ ಮಗ ಉಂಡ ಮನೆಯವಳು,
ಮಿತ್ಸುಎ

ಇನ್ನೊಂದು ಮಾತು: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆಪರೇಷನ್ ಆದ ದಿನ, ಅರಿವಳಿಕೆ ಇಳಿಯುವ ಹೊತ್ತಿನಲ್ಲಿ, ಕಣ್ಣಿಗೆಲ್ಲ ಬಟ್ಟೆ ಕಟ್ಟಿದ್ದಾಗ ಅವನು “ದೆದಾ, ದೆದಾ” ಎಂದು ಕರೆಯತೊಡಗಿದ. ನಿಮ್ಮ ಭಾಷೆಯಲ್ಲಿ ದೆದಾ ಎಂದರೆ ಅಮ್ಮ ಎಂದು ನನಗೆ ಗೊತ್ತಿತ್ತು. ಗೊತ್ತಿರುವುದು ಅದೊಂದೇ. ಮಾತಾಡಿದರೆ ನಾನೆಂದು ತಿಳಿದೀತೆಂದು ಸುಮ್ಮನಿದ್ದೆ. ಅವನು ನಿಲ್ಲಿಸಲಿಲ್ಲ. ಕೊನೆಗೆ “ಹ್ಞೂಂ” ಎಂದೆ, ಅಷ್ಟೇ. ನಿದ್ದೆ ಹೋದ. ನಿಮಗೆ ಸೇರಬೇಕಾದ ಕರೆಗೆ ನಾನು ಓಗೊಟ್ಟೆ ಅಕ್ಕ, ನಿಮಗೆ ತಿಳಿದಿರಲಿ. ಅವನಿಗೆ ಹೇಳಬೇಡಿ, ಕನಸಿನಲ್ಲಿ ನೀವೇ ಬಂದಿದ್ದಿರಿ ಎಂದುಕೊಂಡಿದ್ದಾನೆ.