ಟೇಬಲ್ಲಿನ ಕೆಳಗಿನ ದನಿ

ಮೇ ೬

ನಾಚಾರಂನ ಶೂಟಿಂಗ್ ಶೆಡ್. ಕೂಲರ್ ಇದ್ದೂ ಕುಲುಮೆ. ಮಕ್ಕಳ ರೈಲು ಸೀರಿಯಲ್ಲಿಗೆ ಇಂದೂ ಶೂಟಿಂಗ್. ಅಂಗೈಯಗಲದ ಇಂಜಿನ್ ಭೀಮಜ್ಜ — ಗರ್ಜನೆ ಮಾತ್ರ ನನ್ನದು! ಡಬ್ಬಿಂಗ್ ರೂಮಿನಲ್ಲಿ ಈ ಕಂಠ ಹಿಡಿಯುವುದಿಲ್ಲ. ಪುಟ್ಟ ಹಳಿ ಹಾಸಿದ ಟೇಬಲ್ ಪಕ್ಕ ನಿಂತೇ ಹೇಳುತ್ತೇನೆ. ಹುಲಗೇಶ ಟೇಬಲ್ ಕೆಳಗೆ ಮಲಗಿ, ನನ್ನ ಮಾತು ಕೇಳಿಕೊಂಡೇ ರೈಲು ಓಡಿಸುತ್ತಾನೆ.

ಟೇಕ್ ನಡುವೆ ಸಿಗ್ನಲ್ ಕಂಬ ಬಿತ್ತು. ಕೆಳಗಿಂದ "ಯವ್ವಾ!" ಬಿಡುವೆನೇ? "ಎಲೈ ಬಿರುಗಾಳಿಯೇ, ಭೀಮಜ್ಜನ ದಾರಿ ತಡೆಯುವೆಯಾ!" ಮುಚ್ಚಿಬಿಟ್ಟೆ. ನಾಟಕ ಕಂಪನಿಯಲ್ಲಿ ಅಪ್ಪ ಕಲಿಸಿದ ಮೊದಲ ಪಾಠ — ಜೊತೆಯವನು ಎಡವಿದರೆ ದನಿ ಏರಿಸು, ಜನಕ್ಕೆ ಗೊತ್ತಾಗಬಾರದು.

ಡೈರೆಕ್ಟರ್ ನಿತಿನ, "ಕ್ಯಾ ವಾಯ್ಸ್ ಹೈ ಸಾಬ್!"

ಹುಲಗೇಶ ತೆವಳಿ ಹೊರಬಂದ. "ಮಾನ ಉಳಿಸಿದ್ರಿ ಕಾಕಾ. ನಿಮ್ಮ ಗಂಟಲಕ್ಕ ಬ್ರೇಕ್ ಇಲ್ಲ ನೋಡ್ರಿ."

"ಹಾಕಾಕ ನಿಂಗ ಬರಂಗಿಲ್ಲೇನೋ, ಮಗನ!"

ಮೇ ೯

ಕೂಲರ್ ಸೋರಿ ಟೇಬಲ್ ಕೆಳಗೆಲ್ಲ ನೀರು. ಹುಲಗೇಶ ಹೇಳಿದ್ದಕ್ಕೆ ನಿತಿನ — "ಕಲ್ ದೇಖೇಂಗೆ." ನಾಳೆ ನೋಡುತ್ತಾನಂತೆ! ಗೋಣಿಚೀಲ ಹಾಸಿಕೊಂಡು ಮಲಗಿದ, ಪಾಪ.

ಮೇ ೧೫

ಪೆನ್ನು ಹಿಡಿಯಲಾಗಿರಲಿಲ್ಲ.

ಶನಿವಾರ... ಸುರಂಗದ ಸೀನ್. ನಡುವೆ ಸುರಂಗದ ದೀಪ ಆರಿತು. ಹುಲಗೇಶ ಆ ಒದ್ದೆಯಲ್ಲಿ ಮಲಗಿದಲ್ಲೇ ದೀಪದ ವೈರ್ ಹಿಡಿದಿದ್ದಾನೆ. "ಕಾಕಾ—" ಅಂದ. ಕೇಳಿಸಿತು. ಕೇಳಿಸಿತು! ದನಿ ಏರಿಸಿದೆ. ಟೇಬಲ್ ಗಡಗಡ, ಪುಟ್ಟ ಮರಗಳೆಲ್ಲ ನಡುಗಿದವು. "ನಡುಗಲಿ ಭೂಮಿ! ಬಂದ ಭೀಮಜ್ಜ!" ಎಲ್ಲರೂ ನಕ್ಕರು. ನಿತಿನ ಹೆಬ್ಬೆರಳು ಎತ್ತಿದ. ಇನ್ನೂ ಏರಿಸಿದೆ.

ಕಟ್ ಅಂದ ಮೇಲೆ ಬಗ್ಗಿ ನೋಡಿದೆವು. ವೈರ್ ಕೈಯಲ್ಲೇ. ಜೀವ ಹೋಗಿತ್ತು.

ಮೇ ೧೯

ನಿತಿನನ ಫೋನ್. ಅವನ ಹಿಂದಿಯನ್ನು ನಮ್ಮ ಮಾತಿನಲ್ಲಿ ಬರೆದರೆ ಇಷ್ಟು — "ಸರ್, ಆ ಟೇಕ್ ಭಾಳ ಚಲೋ ಬಂದೈತ್ರಿ. 'ಕಾಕಾ' ಅನ್ನೂದಷ್ಟ ತಗದಬಿಡ್ತೀವಿ. ಪೊಲೀಸ್ರು ಕೇಳಿದ್ರ ಕೂಗೇ ಇಲ್ಲ ಅನ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ಹೂಂ ಅಂದೆ. ಅಪ್ಪನ ಮಗ!

ಮೇ ೨೧, ಸಂಜೆ

ರೇಣುಕಾ ಬಂದಿದ್ದಾಳೆ. ಹುಲಗೇಶನ ಹೆಂಡತಿ. ಚಹಾ ಮುಟ್ಟಿಲ್ಲ. ಒಂದೇ ಮಾತು — "ಅವ್ರು ಯಾರನ್ನರ ಕರದ್ರೇನ್ರಿ ಕಾಕಾ? ಕರದಿದ್ರ ಯಾರರ ಬರ್ತಿದ್ರಲ್ರಿ?"

ನೀರು ತರುತ್ತೇನೆಂದು ಒಳಗೆ ಬಂದವನು ಇದನ್ನು ಗೀಚುತ್ತ ಕೂತಿದ್ದೇನೆ. ಬಾಯಿ ತೆರೆದರೆ ದನಿಯಿಲ್ಲ. ನನಗೆ!

ಹೊರಗಿಂದ ಕರೆಯುತ್ತಿದ್ದಾಳೆ. "ಕಾಕಾ..."

ಮತ್ತೆ. "ಕಾಕಾ—"

ಕೇಳಿಸಿತವ್ವಾ. ಬಂದೆ. ಕರೆದ. ನನ್ನನ್ನೇ ಕರೆದ, ನಾನು