ಭೋಜಣ್ಣನ ಹಿಂದಿನ ಬಿಳಿ ಗೋಡೆ

೨ ಆಗಸ್ಟ್ ೨೦೧೩, ಶುಕ್ರವಾರ

ಸೆಂಟರ್ ಬಾಗಿಲು ತೆಗೆದವಳೇ ಮೋಡೆಮ್ಮಿನ ದೀಪ ನೋಡಿದೆ. ಹಸಿರು. ದೇವರ ದೀಪ ಹಚ್ಚಿದ್ದು ಆಮೇಲೆ. ಒಂದಿಷ್ಟು ಝೆರಾಕ್ಸ್, ಒಂದು ಪಾನ್ ಕಾರ್ಡ್ ಅರ್ಜಿ, ಮತ್ತೆ ವಿಡಿಯೋ ಕಾನ್ಫರೆನ್ಸ್ ಕೆಲಸ.

ಪ್ಲಾನ್ ಈಗ ಒಂದು ಹದಕ್ಕೆ ಬಂತು. ಇಪ್ಪತ್ತೈದಕ್ಕೆ, ಆದಿತ್ಯವಾರ. ಕುಂದಾಪುರದಲ್ಲಿ ನನ್ನ ಸೈಬರ್ ಸೆಂಟರ್, ಬೈಂದೂರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು, ಬ್ರಹ್ಮಾವರದಲ್ಲಿ ಯೋಗೀಶನ ಫೋಟೋ ಸ್ಟುಡಿಯೋ. ಮೂರೂ ಕಡೆ ಕ್ಯಾಮೆರಾ. ಚಾಪೆ ಹೆಣೆಯುವವರು, ಮಡಕೆಯವರು, ಮಗ್ಗದವರು ಹತ್ತಿರದ ಊರಿಗೆ ಬಂದು ಕೂತರೆ ಆಯಿತು. ಆ ಕಡೆ ಮುಂಬಯಿ, ಪುಣೆ, ಬೆಂಗಳೂರಿನ ಅಂಗಡಿಯವರು. ನಡುವೆ ಏಜೆಂಟ್ ಇಲ್ಲ. ಮಾಡಿದವರ ಹೆಸರು, ಊರು ಸ್ಕ್ರೀನಿನ ಕೆಳಗೆ ಬರಲೇಬೇಕು — ಅದು ನನ್ನ ಹಠ.

ಹಠಕ್ಕೆ ಕಾರಣ ಭೋಜಣ್ಣ. ಬೈಂದೂರಿನಲ್ಲಿರುವ ನನ್ನ ಒಡಹುಟ್ಟಿದ ಅಣ್ಣ. ಮೀಸೆ ಬರುವ ಮೊದಲೇ ಯಕ್ಷಗಾನದ ಕಿರೀಟ, ಭುಜಕೀರ್ತಿ ಕೆತ್ತಲು ಕೂತವನು. ಅವನು ಮಾಡಿದ ಕಿರೀಟ ಮುಂಬಯಿಯ ಅಂಗಡಿಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಕೆಳಗೆ ಬೋರ್ಡು: ‘ರವಿಚಂದ್ರ ಆರ್ಟ್ಸ್’. ಈ ರವಿಚಂದ್ರನಿಗೆ ಉಳಿ ಹಿಡಿಯಲು ಬರುವುದಿಲ್ಲ. ಬ್ರಹ್ಮಾವರದಲ್ಲಿ ಗೋಡೌನ್, ಕೈಯಲ್ಲಿ ಕಾರು, ಬಾಯಲ್ಲಿ ಬೆಣ್ಣೆ. ಅಷ್ಟೇ ಬಂಡವಾಳ.

ಅಣ್ಣನ ಹೆಸರು ಒಮ್ಮೆಯಾದರೂ ಕೊಳ್ಳುವವರ ಕಣ್ಣಿಗೆ ಬೀಳಬೇಕು. ಅದಕ್ಕೇ ಇಷ್ಟೆಲ್ಲ ಒದ್ದಾಟ.

೬ ಆಗಸ್ಟ್, ಮಂಗಳವಾರ

ಬೈಂದೂರಿಗೆ ಫೋನ್. ಎತ್ತಿದ್ದು ಅತ್ತಿಗೆ.

“ಅಣ್ಣ ಎಲ್ಲಿ?”

“ಮಲ್ಕಂಡಿದ್ರ್ ಕಾಣ್.”

ಹಗಲು ಹೊತ್ತು ಮಲಗುವ ಜನವೇ ಅವನು? ಮಳೆಗಾಲ, ಮೇಳಗಳೆಲ್ಲ ಒಳಗೆ ಕೂತ ಕಾಲ. ವೇಷದ ಸಾಮಾನು ರಿಪೇರಿಗೆ ಬಂದು ರಾಶಿ ಬೀಳುವುದು ಈಗಲೇ. ಎಬ್ಬಿಸಿ ಅಂದೆ. ಅತ್ತಿಗೆ, “ಪ್ಯಾಟಿಗ್ ಹೋಯ್ರ್ ಅಂಬ್ರ್. ಬಂದ್ ಮೇಲೆ ಹೇಳ್ತೆ” ಅಂದಳು.

ಒಂದೇ ಫೋನಿನಲ್ಲಿ ಮಲಗಿದ್ದೂ ಆಯಿತು, ಪೇಟೆಗೆ ಹೋದದ್ದೂ ಆಯಿತು. ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಯಾರೋ ಹೇಳಿಸಿದ್ದು.

೧೧ ಆಗಸ್ಟ್, ಆದಿತ್ಯವಾರ

ಶಂಕರನಾರಾಯಣದಿಂದ ಜಲಜಕ್ಕ ಬಂದಿದ್ದಳು, ಕ್ಯಾಮೆರಾ ಎದುರು ಕೂತು ಅಭ್ಯಾಸ ಮಾಡಲು. ಕೇದಗೆ ಓಲೆಯ ಚಾಪೆಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಮಾತಿನಲ್ಲೂ ಇಲ್ಲ. ಬಂದವಳೇ ಕಂಪ್ಯೂಟರ್ ಮೇಜು ಒರೆಸಿ, “ಮುಂಬಯಿಯರಿಗೆ ಬೆಲ್ಲ ನೀರ್ ಎಲ್ ಇಡೂದ್ ಹೆಣೆ?” ಅಂದಳು. ಅವರು ಇಲ್ಲಿಗೆ ಬರುವುದಿಲ್ಲ ಜಲಜಕ್ಕ, ಅಲ್ಲೇ ಕೂತು ಕಾಣುವುದು ಅಂದೆ. “ಕಾಂಬೋರ್ ಕಾಣ್ಲಿ. ನಾವ್ ಇಡ್ದೆ ಕೂಕಂಬುದ್ ಹ್ಯಾಂಗೆ?” ಇಟ್ಟರೆ ಇಡಲಿ, ಕೀಬೋರ್ಡಿನ ಮೇಲೆ ಚೆಲ್ಲದಿದ್ದರೆ ಸಾಕು.

ಹೊಸ ನಮೂನೆಯ ಚಾಪೆಯನ್ನು ಮಾತ್ರ ಸೀರೆಯಲ್ಲಿ ಸುತ್ತಿಯೇ ಇಟ್ಟಳು. ನನಗೂ ಬಿಚ್ಚಿ ತೋರಿಸಲಿಲ್ಲ. ನನ್ನ ಮೇಲೇ ಸಂಶಯ! ಆದರೆ ಅವಳನ್ನು ಬೈಯಲು ಮನಸ್ಸು ಬರಲಿಲ್ಲ. ಸಂಶಯ ಪಡದವರ ಗತಿ ಏನಾಗುತ್ತದೆ ಎನ್ನುವುದಕ್ಕೆ ನನ್ನ ಅಣ್ಣನೇ ಇದ್ದಾನಲ್ಲ.

ಸಂಜೆ ಯೋಗೀಶನ ಫೋನ್. ಕೇಬಲ್ ವಿಷಯ ಮಾತಾಡಿ ಕಡೆಗೆ ಮೆಲ್ಲ ಹೇಳಿದ.

“ಪ್ರಫುಲ್ಲಕ್ಕ, ನಿಮ್ಮಣ್ಣನ್ ಕಂಡೆ, ತೆಕ್ಕಟ್ಟೆಂಗೆ. ರವಿಚಂದ್ರನ್ ಕಾರಂಗ್ ಕೂಕಂಡಿದ್ರ್. ಕೈ ಮಾಡ್ದೆ. ಕಂಡ್ರೂ ಕಾಣ್ದಾಂಗ್ ಹೋದ್ರ್ ಮರಾಯ್ರೆ.”

“ಯಾವ್ ಬದಿಗೆ ಹೋತಿದ್ರ್?”

“ನಮ್ ಬದಿಗೇ. ಬ್ರಹ್ಮಾವರಕ್ಕೆ.”

ಗೋಡೌನಿಗೆ. ಇನ್ನೆಲ್ಲಿಗೆ?

೧೨ ಆಗಸ್ಟ್, ಸೋಮವಾರ

ನಾನು ಕಾನ್ಫರೆನ್ಸಿನಲ್ಲಿ ಏಜೆಂಟರಿಗೆ ಜಾಗ ಇಲ್ಲ ಅಂದದ್ದು ರವಿಚಂದ್ರನ ಕಿವಿಗೆ ಬಿದ್ದಿದೆ. ಅಣ್ಣನನ್ನು ಮೊದಲೇ ಕಟ್ಟಿಹಾಕುತ್ತಿದ್ದಾನೆ. ಕಾರಿನಲ್ಲಿ ಕೂರಿಸಿ, ಊಟ ಹಾಕಿಸಿ, ಯಾವುದಕ್ಕೋ ಸಹಿ ಹಾಕಿಸಿಕೊಂಡರೆ ಮುಗಿಯಿತು. ಅಣ್ಣ ಇಲ್ಲ ಅನ್ನಲು ಕಲಿಯಲೇ ಇಲ್ಲ.

ಇವರ ಹತ್ತಿರ ಹೇಳಿಕೊಂಡೆ. ಗಂಡನಾದವರು ಒಂದು ಮಾತಾದರೂ ಆಡಬೇಕಲ್ಲ? “ಅವ್ರವ್ರ್ ವ್ಯವಾರ. ನಿಂಗೆಂತಕೆ? ನೀ ನಿನ್ ಮೀಟಿಂಗ್ ಕಾಣ್” ಅಂದರು. ನನ್ನ ಮೀಟಿಂಗು ಅಂದರೆ ‘ಹುಚ್ಚು’ ಅನ್ನುತ್ತಿದ್ದವರು! ಈಗ ಒಮ್ಮೆಲೇ ಇಷ್ಟು ಪ್ರೀತಿ.

ರಾತ್ರಿ ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಟ್ಟೆ ತೆಗೆಯಲು ಹೊರಬಂದೆ. “ಆಯ್ತ್, ಮತ್ ಮಾತಾಡ್ವ” ಅಂತ ಇಟ್ಟರು. ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ರವಿಚಂದ್ರ. ನಿನ್ನೆಯೂ ರವಿಚಂದ್ರ. ಮೊನ್ನೆಯೂ.

ದೀಪದ ಬುಡದಲ್ಲೇ ಕತ್ತಲೆ.

೧೭ ಆಗಸ್ಟ್, ಶನಿವಾರ

ಬರೆಯಲಿಲ್ಲ ಇಷ್ಟು ದಿನ. ಬರೆದರೆ ಕೆಟ್ಟ ಮಾತೇ ಬರುತ್ತಿತ್ತು.

ಕಾನ್ಫರೆನ್ಸ್ ನಡೆಸುವ ಹೋಸ್ಟ್ ಪಾಸ್‌ವರ್ಡ್ ಬದಲಿಸಿದೆ. ಇವರಿಗೆ ಗೊತ್ತಿದ್ದದ್ದು ಹಳೆಯದು. ಹೊಸತು ನನ್ನ ತಲೆಯಲ್ಲಿ ಮಾತ್ರ. ಯಾರು ಮಾತಾಡಬೇಕು, ಯಾರ ದನಿ ನಿಲ್ಲಬೇಕು, ಯಾರನ್ನು ಹೊರಗೆ ಹಾಕಬೇಕು — ಎಲ್ಲ ಹೋಸ್ಟ್ ಕೈಯಲ್ಲಿ. ಹೋಸ್ಟ್ ನಾನು. ಹುಟ್ಟಿದ್ದು ಹೆಣ್ಣಾಗಿ, ಮೆಟ್ಟಿದ್ದು ಕುಂದಾಪುರ. ಇಷ್ಟು ಅಧಿಕಾರ ಎಲ್ಲೂ ಸಿಕ್ಕಿರಲಿಲ್ಲ.

ಮಾತಾಡುವವರ ಪಟ್ಟಿಯಲ್ಲಿ ಅಣ್ಣನ ಹೆಸರು ಮೊದಲನೆಯದಾಗಿತ್ತು. ಎತ್ತಿ ಕಡೆಗೆ ಹಾಕಿದೆ. ಅವನು ಕೈಕೊಟ್ಟರೂ ಉಳಿದವರ ಕೆಲಸ ಕೆಡಬಾರದು. ಹಾಕುವಾಗ ಅಳು ಬಂತು. ಸಿಟ್ಟಿನ ಅಳು.

೨೧ ಆಗಸ್ಟ್, ಬುಧವಾರ

ಇವತ್ತು ರಿಹರ್ಸಲ್. ಮೂರು ಊರೂ ಒಟ್ಟಿಗೆ. ಮೊದಲು ಎಲ್ಲರೂ ಒಮ್ಮೆಲೇ ಮಾತಾಡಿ ಮೀನು ಮಾರ್ಕೆಟ್ ಆಯಿತು. ಎಲ್ಲರನ್ನೂ ಮ್ಯೂಟ್ ಮಾಡಿ ಒಬ್ಬೊಬ್ಬರನ್ನೇ ಬಿಟ್ಟೆ. ಬ್ರಹ್ಮಾವರದ ಮಗ್ಗದವರು ಸೀರೆಯನ್ನು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಿಡಿದರೆಂದರೆ ಬರೀ ಕೆಂಪು ಕಾಣಿಸಿತು. ಇರಲಿ, ತಿದ್ದಬಹುದು.

ಬೈಂದೂರಿನ ಕ್ಲಾಸಿನಲ್ಲಿ ಅಣ್ಣ ಇರಲಿಲ್ಲ. ಬರಲಿಕ್ಕಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಬೇರೆಯೇ ಒಂದು ಕಿಟಕಿ ತೆರೆಯಿತು. ಅಣ್ಣ! ಒಬ್ಬನೇ.

“ಹ್ವಾಯ್, ಕಾನ್ಫರೆನ್ಸಮ್ಮ! ನನ್ ಮೋರೆ ಕಾಂತಾ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿಂದೆ ಬಿಳಿ ಗೋಡೆ. ತವರುಮನೆಯ ಯಾವ ಗೋಡೆಯೂ ಬಿಳಿಯಲ್ಲ. ಕೆಲಸದ ಕೋಣೆಯಂತೂ ಬಣ್ಣ, ಬೇಗಡೆ ಮೆತ್ತಿ ಹೋಳಿ ಆಗಿದೆ. ಬರೀ ಮೈಯಲ್ಲಿ ಕೂತು ಕೆತ್ತುವವನ ಮೈಮೇಲೆ ತಿಳಿ ಹಸಿರು ಅಂಗಿ, ಗರಿಗರಿ. ಕೊಡಿಸಿದವರು ಯಾರು ಅಂತ ಬೇರೆ ಹೇಳಬೇಕೇ? ಮುಖ ಇಳಿದಿತ್ತು. ತಪ್ಪು ಮಾಡಿದವನ ಮುಖ.

“ಅಣ್ಣ, ಅದ್ ಯಾರ್ ಗ್ವಾಡಿ?”

“ಗ್ವಾಡಿ ಕಾಂಬುಕ್ ಬಂದದ್ದಾ ನೀನ್? ನನ್ ಕಾಣ್.”

“ಲ್ಯಾಪ್‌ಟಾಪ್ ಯಾರದ್?”

“ಒಬ್ರದ್.”

“ರವಿಚಂದ್ರಂದಾ?”

ಕೆಮ್ಮಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಜಲಜಕ್ಕ, ಯೋಗೀಶ, ಮಡಕೆಯವರು ಎಲ್ಲ ಕಿವಿ ನೆಟ್ಟಗೆ ಮಾಡಿ ಕೂತಿದ್ದಾರೆ. ನನ್ನ ಮಾನ ಹೋಯಿತು. ಯಾರಿಗಾಗಿ ಇದನ್ನೆಲ್ಲ ಕಟ್ಟಿದೆನೋ ಅವನೇ ಆ ಕಳ್ಳನ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಾನೆ.

“ಪ್ರಫುಲ್ಲಾ, ನಿನ್ನತ್ರ ಒಂದ್ ಮಾತ್ ಹೇಳುಕಿತ್ತ್—”

ಮ್ಯೂಟ್ ಒತ್ತಿದೆ.

ಅವನಿಗೆ ಅದು ಗೊತ್ತಾಗಲಿಲ್ಲ. ಬಾಯಿ ಆಡುತ್ತಲೇ ಇತ್ತು. ಒಮ್ಮೆ ನಕ್ಕ. ಕೈಯಲ್ಲಿ ಏನೋ ಆಕಾರ ಮಾಡಿ ತೋರಿಸಿದ. ಬಹಳ ಹೊತ್ತು ಮಾತಾಡಿ ಆಮೇಲೆ ತಲೆ ಅಲ್ಲಾಡಿಸಿ ಕಾದ — ನನ್ನ ಉತ್ತರಕ್ಕೆ. ನಾನು ಮುಂದಿನವರನ್ನು ಕರೆದೆ.

೨೪ ಆಗಸ್ಟ್, ಶನಿವಾರ

ಏನು ಹೇಳಿದನೋ. ಫೋನ್ ಮಾಡಿ ಕೇಳಲಾ? ಕೇಳಿದರೆ ನಾನೇ ಸೋತ ಹಾಗೆ. ಅವನೇ ಮಾಡಲಿ.

ಇವರು ಮಧ್ಯಾಹ್ನವೇ ಹೊರಟರು. ಸ್ನೇಹಿತರ ಮನೆ, ರಾತ್ರಿ ಅಲ್ಲೇ ಅಂತೆ. ಯಾವ ಸ್ನೇಹಿತ ಅಂತ ಕೇಳಿದ್ದಕ್ಕೆ ಚಪ್ಪಲಿ ಹುಡುಕಿದರು. ಹೋಗಲಿ. ಗಂಡ, ಅಣ್ಣ, ಅತ್ತಿಗೆ, ಏಜೆಂಟ್ — ಎಲ್ಲ ಒಂದು ಕಡೆ. ನಾನು, ನನ್ನ ಮೋಡೆಮ್ ಒಂದು ಕಡೆ.

ಆದರೂ ಸ್ಕ್ರೀನಿನ ಹೆಸರುಗಳನ್ನು ಟೈಪ್ ಮಾಡುವಾಗ ‘ಭೋಜರಾಜ, ಬೈಂದೂರು’ ಅಂತ ಹೊಡೆದೆ. ಅಳಿಸಿದೆ. ಮತ್ತೆ ಹೊಡೆದೆ.

೨೫ ಆಗಸ್ಟ್, ಆದಿತ್ಯವಾರ. ಬೆಳಿಗ್ಗೆ

ಮೋಡೆಮ್ ಹಸಿರು. ಯುಪಿಎಸ್ ಫುಲ್. ಇವರು ಬಂದಿಲ್ಲ. ಅತ್ತಿಗೆಯ ಫೋನ್ ಸ್ವಿಚ್ಡ್ ಆಫ್. ಜಲಜಕ್ಕ ಬೆಲ್ಲ ನೀರು ಇಟ್ಟು, ಕ್ಯಾಮೆರಾಕ್ಕೆ ಕುಂಕುಮ ಹಚ್ಚಲು ಹೋದದ್ದನ್ನು ತಡೆದೆ. ಶುರು.

ಅದೇ ದಿನ, ಮಧ್ಯಾಹ್ನ

ಗೆದ್ದೆ! ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಜಲಜಕ್ಕ ಸೀರೆ ಬಿಚ್ಚಿ ಚಾಪೆ ಹಾಸಿದ್ದೇ ತಡ, ಬೆಂಗಳೂರಿನವರು ಎದ್ದು ನಿಂತು ನೋಡಿದರು. ಮಡಕೆಯವರಿಗೂ ಆರ್ಡರ್. ನಡುವೆ ಕರೆಂಟು ಹೋಯಿತು, ಬಂತು, ಯಾರೂ ಓಡಿಹೋಗಲಿಲ್ಲ.

ಕಡೆಗೆ ಅಣ್ಣನ ಸರದಿ. ಬೈಂದೂರಿನ ಕ್ಯಾಮೆರಾದಲ್ಲಿ ಬಂದದ್ದು ರವಿಚಂದ್ರ. ಹಾಡಹಗಲೇ! ಕೈಯಲ್ಲಿ ಅಣ್ಣನ ಕಿರೀಟ. ಗಡ್ಡ ಬೋಳಿಸಿಲ್ಲ, ಕಣ್ಣು ಕೆಂಪು, ರಾತ್ರಿ ಕುಡಿದಿರಬೇಕು. ಹೊರಗೆ ಹಾಕುವ ಬಟನ್ ಮೇಲೆ ಬೆರಳಿಟ್ಟೇ ಕೂತೆ.

ಅವನು ಹಿಂದಿಯಲ್ಲಿ ಹೇಳಿದ — ಇದು ನನ್ನ ಕೆಲಸ ಅಲ್ಲ. ನಾನು ಹಿಡಿದುಕೊಂಡವನು ಅಷ್ಟೇ. ಕೆಳಗೆ ಹೆಸರು ಕಾಣಿಸುತ್ತಿದೆಯಲ್ಲ, ಮಾಡಿದವರು ಅವರು. ಆಮೇಲೆ ಆ ಹೆಸರನ್ನು ತಾನೇ ಓದಿದ, ನಿಧಾನಕ್ಕೆ. ಭೋಜರಾಜ, ಬೈಂದೂರು.

ನನಗೆ ಬೆರಳು ಒತ್ತಲು ಆಗಲಿಲ್ಲ. ಆದರೆ ನಂಬಲೂ ಆಗಲಿಲ್ಲ. ಬೆಕ್ಕು ಉಪವಾಸ ಮಾಡಿದರೆ ಇಲಿ ಮೊದಲು ಹುಷಾರಾಗಬೇಕು. ಪುಣೆಯ ಅಂಗಡಿಯ ಹೆಂಗಸು, ಪೂರಾ ಸೆಟ್ ಬೇಕು, ಮಾಡಿದವರ ಜೊತೆಗೇ ಮಾತಾಡಬೇಕು ಅಂದಳು. ರವಿಚಂದ್ರ ಮುಖ ಆಚೆ ತಿರುಗಿಸಿದ. ಲೈನ್ ಕಟ್. ಅವನೇ ಕಟ್ ಮಾಡಿದ್ದು, ನೆಟ್ ಸರಿಯಿತ್ತು. ಅವಳ ನಂಬರ್ ಹುಡುಕಿ ಗುಟ್ಟಾಗಿ ಮಾತಾಡಲು. ಬಿಡುತ್ತೇನೆಯೇ? ಪುಣೆಗೆ ನಾನೇ ಮೇಲ್ ಹಾಕಿದೆ, ಅಣ್ಣನೇ ಫೋನ್ ಮಾಡುತ್ತಾನೆ ಅಂತ.

ಯೋಗೀಶನಿಗೆ ಫೋನ್ ಮಾಡಿ ಹೇಗಾಯಿತು ಅಂದೆ. ಹೊಗಳುತ್ತಾನೆ ಅಂದುಕೊಂಡರೆ, “ಲಾಯ್ಕ್ ಆಯ್ತ್. ಉಂಡ್ರ್ಯಾ ಪ್ರಫುಲ್ಲಕ್ಕ?” ಅಂದ. ಇಲ್ಲ ಅಂದದ್ದಕ್ಕೆ ಇಟ್ಟೇಬಿಟ್ಟ.

ಸ್ವಲ್ಪ ಹೊತ್ತಿಗೆ

ಇವರು ಬಂದಿದ್ದಾರೆ. ಕೈಯಲ್ಲಿ ಹೋಟೆಲಿನ ಊಟದ ಪಾರ್ಸೆಲ್. ಹೊರಗೆ ನಿಂತದ್ದು ರವಿಚಂದ್ರನ ಕಾರು, ಓಡಿಸಿಕೊಂಡು ಬಂದವರು ಬೇರೆ ಯಾರೋ. ಈಗಲಾದರೂ ಒಪ್ಪಿಕೊಳ್ಳಿ ಅಂದೆ. “ಉಣ್ಣ್. ಮತ್ ಹೇಳ್ತೆ” ಅಂದರು. ನಾನು ಉಂಡೆನೋ ಬಿಟ್ಟೆನೋ ಅಂತ ಒಂದು ದಿನ ಕೇಳಿದವರಲ್ಲ. ಮೊದಲು ಹೇಳಿ, ಮತ್ತೆ ಉಣ್ಣುತ್ತೇನೆ ಅಂದೆ. ಹೇಳಲಿಲ್ಲ. ಸರಿ, ನಾನು ಬರೆಯುತ್ತೇನೆ, ಅವರು ಕಾಯಲಿ. ಬರೆಯುತ್ತಿದ್ದೇನೆ.

ಇವರು ಜಲಜಕ್ಕನನ್ನು ಹೊರಗೆ ಕರೆದು ಏನೋ ಹೇಳಿದರು. ಅವಳು ಒಳಗೆ ಬಂದು ಪಾರ್ಸೆಲ್ ಬಿಚ್ಚಿದಳು. ಮಾತಿಲ್ಲ. ಜಲಜಕ್ಕ, ಮಾತಿಲ್ಲದೆ! ಅನ್ನಕ್ಕೆ ಸಾರು ಕಲಸಿ ನನ್ನ ಎದುರು ತಳ್ಳಿದಳು.

“ಎರಡ್ ತುತ್ತ್ ಆರೂ ಉಣ್ಣ್ ಹೆಣೆ. ಮತ್ತ್ ಉಂಬುಕಾತ್ತಿಲ್ಲೆ.”

ಮತ್ತೆ ಉಣ್ಣಲು ಯಾಕೆ ಆಗುವುದಿಲ್ಲ?

ಹೀಗೆ ಹೇಳಿ ಉಣ್ಣಿಸುವುದು ನಮ್ಮಲ್ಲಿ ಒಂದೇ ಹೊತ್ತಿಗೆ. ಹೆಣ ಎತ್ತುವ ತನಕ ಮನೆಯವರು ಏನೂ ಮುಟ್ಟುವ ಹಾಗಿಲ್ಲ. ಅದಕ್ಕೇ ದೂರದಲ್ಲಿರುವ ಹೆಣ್ಣುಮಕ್ಕಳಿಗೆ ಮೊದಲು ಊಟ, ಮತ್ತೆ ಸುದ್ದಿ. ಅಪ್ಪಯ್ಯ ಹೋದ ದಿನ ಸೋದರತ್ತೆಗೆ ನಾನೇ ಎದುರು ಕೂತು ಉಣ್ಣಿಸಿದ್ದೆ.

ಬ್ರಹ್ಮಾವರ ದಾಟಿದರೆ ಮಣಿಪಾಲ. ಆಸ್ಪತ್ರೆ. ಯಾಕೆ ಹೊಳೆಯಲಿಲ್ಲ ನನಗೆ? ಯಾಕೆ ಹೇಳಲಿಲ್ಲ ಇವರು? ಮೀಟಿಂಗ್ ನಿಲ್ಲುತ್ತದೆ ಅಂತಲೇ? ಅವನೇ ಬೇಡ ಅಂದನೇ?

ಅಣ್ಣ ಎಲ್ಲಿ ಅಂತ ಕೇಳಿದೆ. ಇವರು ಬಾಗಿಲು ಹಿಡಿದು ನಿಂತಿದ್ದಾರೆ. “ಉಣ್ಣ್” ಅಂದರು.

ನಾನು ಅನ್ನ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಯಾರೂ ಹೇಳುವುದಿಲ್ಲ. ಹೇಳುವ ತನಕ ಅಣ್ಣ ಇದ್ದಾನೆ.