ಐದು ಮೊಳದ ಮೊಗಸಾಲೆ

ಇನ್ನೂ ಉಸಿರಾಡುತ್ತಿರುವ ನನ್ನ ಒಬ್ಬನೇ ತಮ್ಮ ತರಾಸಿಸನಿಗೆ,

ಬಂದರುಪೇಟೆಯಿಂದ ಅಕ್ಕ ತಾತಿಸ್ ಬರೆಯುತ್ತಿರುವುದು. ಹೇಸರಗತ್ತೆಯವನು ನಿನ್ನೆ ನಿನ್ನ ಕಾಗದ ತಂದುಕೊಟ್ಟ. ಮತ್ತೆ ಜ್ವರ ಹಿಡಿದಿದೆ, ಎದೆ ಕಟ್ಟಿದೆ, ಈ ಸಲ ಉಳಿಯುವುದಿಲ್ಲ ಎಂದು ಬರೆದಿದ್ದೀಯ. ನಾನು ಬಿಷಪರ ಕಾಲಿಗೆ ಬಿದ್ದು ನಿನ್ನ ಪ್ರಾಯಶ್ಚಿತ್ತದಲ್ಲಿ ಉಳಿದಿರುವ ಏಳು ವರ್ಷವನ್ನು ಮನ್ನಾ ಮಾಡಿಸಬೇಕಂತೆ. ಆಮೇಲೆ ಹೋದ ಚಳಿಗಾಲದ ಹಾಗೆ ಬೆಟ್ಟ ಹತ್ತಿ ಬಂದು ನಿನ್ನ ಪಕ್ಕ ಕೂರಬೇಕಂತೆ. "ಅಕ್ಕಾ, ನಿನ್ನ ಕೈಗುಣದಿಂದಲೇ ನಾನು ಬದುಕಿದ್ದು" ಅಂತ ಬೇರೆ ಬರೆದಿದ್ದೀಯ. ಅದನ್ನು ಓದಿ ನಾನು ಜೋರಾಗಿ ನಕ್ಕೆ. ಪಕ್ಕದ ಮನೆಯವಳು ಬಂದು ಏನಾಯಿತೆಂದು ಕೇಳಿದಳು.

ಬಿಷಪರ ವಿಷಯ ಮೊದಲು ಹೇಳುತ್ತೇನೆ. ಅವರ ಹತ್ತಿರ ನಾನು ಹೋಗುವುದಿಲ್ಲ.

ನೀನು ಬೆಟ್ಟ ಇಳಿದು ಬಂದು ಇಗರ್ಜಿಯ ಮೊಗಸಾಲೆಯಲ್ಲಿ ನಿಲ್ಲುವುದನ್ನು ಪ್ರತಿ ಭಾನುವಾರ ನೋಡುತ್ತೇನೆ. ಹೆಂಗಸರ ಬಾಗಿಲು ಕಾಯುವುದು ನನ್ನ ಕೆಲಸ, ನೋಡದೆ ವಿಧಿಯಿಲ್ಲ. ಮೊದಲ ಎರಡು ವರ್ಷ ನೀನು ಹೊರಗೆ ಮೆಟ್ಟಿಲ ಮೇಲೆ ನಿಂತು, ಒಳಗೆ ಹೋಗುವವರ ಸೆರಗು ಹಿಡಿದು ನನಗಾಗಿ ಪ್ರಾರ್ಥಿಸಿ ಎಂದು ಅಳುತ್ತಿದ್ದೆ. ಈಗ ಒಂದು ಹೆಜ್ಜೆ ಮುಂದೆ ಬಂದಿದ್ದೀಯ. ಓದುವುದನ್ನು ಕೇಳಬಹುದು, ಹಾಡನ್ನು ಕೇಳಬಹುದು. ಆಮೇಲೆ "ಬಾಗಿಲು, ಬಾಗಿಲು!" ಎಂದು ಕೂಗುತ್ತಾರೆ, ನಿನ್ನಂಥವರನ್ನು ಆಚೆ ಕಳಿಸಿ ಅಗಳಿ ಹಾಕುತ್ತೇವೆ. ನೀನು ಕಟ್ಟಿದ ಗುಮ್ಮಟವನ್ನು ನೀನೇ ಒಳಗಿನಿಂದ ನೋಡಿ ಮೂರು ವರ್ಷವಾಯಿತು. ಹೊರನಾಡಿನ ಮೇಸ್ತ್ರಿಗಳು ಈಗಲೂ ಬರುತ್ತಾರೆ. ಚೌಕದ ಮೇಲೆ ದುಂಡು ಕೂರಿಸಿದ್ದು ಹೇಗೆ ಎಂದು ಕತ್ತೆತ್ತಿ ನೋಡಿ, ದಾರ ಹಿಡಿದು ಅಳೆದು, ಬಾಯಿ ಬಿಟ್ಟುಕೊಂಡು ಹೋಗುತ್ತಾರೆ. ಹೋಗುವಾಗ ನಿನ್ನ ಪಕ್ಕದಲ್ಲೇ ಹಾದು ಹೋಗುತ್ತಾರೆ. ಇವನೇ ಅವನು ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಳೆಯ ಇಗರ್ಜಿ ನೆನಪಿದೆಯಾ? ಮರದ ತೊಲೆಯ ಮಾಡು, ಎರಡು ಸಾಲು ಕಂಬ, ಉದ್ದಕ್ಕೆ ಹಡಗಿನ ಹಾಗಿತ್ತು. ಅದರ ಮೊಗಸಾಲೆ ಹನ್ನೆರಡು ಮೊಳ ಅಗಲ, ಗೋಡೆಗೆ ಕಲ್ಲಿನ ಜಗುಲಿ. ಮಾಡು ಕಿತ್ತು ಗುಮ್ಮಟ ಎಬ್ಬಿಸುವಾಗ ನಿನ್ನ ನಾಲ್ಕು ದಪ್ಪ ಕಂಬಗಳಿಗೆ ಜಾಗ ಬೇಕಾಯಿತು. ಎಲ್ಲಿಂದ ಕತ್ತರಿಸಿದೆ? ಮೊಗಸಾಲೆಯಿಂದ. ಐದೇ ಮೊಳ ಉಳಿಸಿದೆ, ಜಗುಲಿ ಒಡೆಸಿದೆ, ಉತ್ತರದ ಗಾಳಿಗೆ ಎದುರಾಗಿ ಬಾಗಿಲಿಟ್ಟೆ. ಪಾದ್ರಿ ಆಕ್ಷೇಪ ಎತ್ತಿದಾಗ ನೀನು ಅಂದದ್ದು ನನ್ನ ಕಿವಿಯಲ್ಲೇ ಇದೆ: "ಪಾಪ ಮಾಡಿದೋರ್ಗೆ ಕೂರಕ್ಕೆ ಜಗಲಿ ಬೇರೆ ಕೇಡು! ನಿಂತ್ಕೊಳ್ಳಿ ಬಿಡಿ ಸ್ವಾಮಿ, ಕಾಲು ನೋಯ್ಲಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ತಮ್ಮ ಎಷ್ಟು ಚುರುಕು ಎಂದು.

ಆ ನಗು ಮುಗಿದು ಆರು ತಿಂಗಳಿಗೆ ಮೂಡಣ ಕಮಾನು ಬಿತ್ತು. ನನ್ನ ಗಂಡ ಇಂದಿಸ್ ಅದರಡಿ ಸತ್ತ. ಅವನ ಜೊತೆ ಇಬ್ಬರು ಕೂಲಿಯವರೂ ಸತ್ತರು. ಗಾರೆ ಒಣಗುವ ಮೊದಲೇ ಕಮಾನಿನ ಕೆಳಗಿನ ಆಸರೆ ಮರಗಳನ್ನು ಯಾರೋ ತೆಗೆದಿದ್ದರು. ಯಾರು ಎಂದು ವಿಚಾರಣೆಯಾದಾಗ ನೀನು ಬಲಿಪೀಠದ ಮೇಲೆ ಕೈಯಿಟ್ಟು, "ನಾನು ಬೇಡ ಅಂದಿದ್ದೆ, ಭಾವನೇ ಅವಸರ ಮಾಡಿ ತೆಗೆದ" ಎಂದು ಆಣೆ ಮಾಡಿದೆ. ಇಂದಿಸನೇ ಆ ಇಬ್ಬರನ್ನು ಕೊಂದವನು ಎಂದು ತೀರ್ಮಾನವಾಯಿತು. ಬಲಿಪೀಠದ ಮುಂದೆ ಸತ್ತವರಿಗಾಗಿ ಪ್ರಾರ್ಥಿಸಿ ಹೆಸರು ಓದುವಾಗ ಅವನ ಹೆಸರು ಓದಬಾರದು ಎಂದು ಅಪ್ಪಣೆಯಾಯಿತು.

ನಾನು ನಿನ್ನನ್ನು ನಂಬಿದೆ ತರಾಸಿ. ಒಡಹುಟ್ಟಿದವನಲ್ಲವೇ. ಹನ್ನೆರಡು ವರ್ಷ ಅವನ ಗೋರಿಯ ಮುಂದೆ ನಿಂತು ಬೈದಿದ್ದೇನೆ. ಎಣ್ಣೆ ದೀಪ ಇಡಲು ಹೋಗಿ, ಇಡದೆ ವಾಪಸು ಬಂದಿದ್ದೇನೆ. "ಅವಸರಗೇಡಿ, ನೀನೂ ಹೋದೆ, ಇನ್ನಿಬ್ಬರನ್ನೂ ಕರ್ಕೊಂಡ್ ಹೋದೆ, ನನ್ನ ಮುಖಕ್ಕೆ ಮಸಿ ಬಳಿದೆ" ಅಂದಿದ್ದೇನೆ. ಆ ಇಬ್ಬರ ಹೆಂಡಂದಿರು ಬಾವಿಯ ಹತ್ತಿರ ನನ್ನ ಕೊಡ ಒದ್ದು ಉರುಳಿಸಿದಾಗ ಸುಮ್ಮನೆ ಎತ್ತಿಕೊಂಡು ಬಂದಿದ್ದೇನೆ, ನ್ಯಾಯ ಅವರದ್ದು ಎಂದು.

ಮೂರು ವರ್ಷದ ಹಿಂದೆ ನೀನು ಬಿಷಪರ ಕಿವಿಯಲ್ಲಿ ಏನೋ ಹೇಳಿಕೊಂಡೆ, ಅವರು ಹತ್ತು ವರ್ಷದ ಶಿಕ್ಷೆ ಕೊಟ್ಟರು. ಏನೋ ತಮ್ಮಾ ಎಂದು ಕೇಳಿದ್ದಕ್ಕೆ, "ಯಾವ್ದೋ ಹಳೇ ಸುಳ್ಳಾಣೆ, ಬಿಡಕ್ಕ" ಅಂದೆ. ಬಿಷಪರೂ ಬಾಯಿ ಬಿಡಲಿಲ್ಲ. ಹೇಗೆ ಬಿಡುತ್ತಾರೆ, ಆವಾಗ ಪಾಸ್ಕ ಹಬ್ಬಕ್ಕೆ ಗುಮ್ಮಟದ ಕೆಲಸ ಮುಗಿಯಲೇಬೇಕು ಎಂದು ನಿನ್ನ ಕುತ್ತಿಗೆಯ ಮೇಲೆ ಕೂತವರು ಅವರೇ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಹೋದ ಚಳಿಗಾಲ ನೀನು ಸಾಯಲು ಮಲಗಿದಾಗ ನಾನು ಓಡಿ ಬಂದದ್ದು ಪ್ರೀತಿಯಿಂದಲೇ. ನಾಲ್ಕು ದಿನ ಪ್ರೀತಿಯಿಂದಲೇ ಉಣಿಸಿದೆ. ಮೂರನೆಯ ದಿನ ಪಾದ್ರಿ ಬಂದು ನಿನ್ನ ನಾಲಗೆಯ ಮೇಲೆ ಪರಮಪ್ರಸಾದವಿಟ್ಟರು. ಸಾಯುವವನಿಗೆ ಅದನ್ನು ಇಲ್ಲ ಅನ್ನುವಂತಿಲ್ಲವಲ್ಲ. ನಿನ್ನ ಮುಖ ತಿಳಿಯಾಯಿತು. ಪುಣ್ಯವಂತ, ಎಲ್ಲ ತೀರಿತು ಎಂದು ನಾನೂ ನಿನ್ನ ಹೆಂಡತಿ ಲಲ್ಲಿಸಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ನಾಲ್ಕನೆಯ ದಿನ ಮಧ್ಯಾಹ್ನ ನಿನ್ನ ಹೆಂಡತಿ ನೀರಿಗೆ ಹೋಗಿದ್ದಳು. ಜ್ವರ ನೆತ್ತಿಗೇರಿ ನೀನು ಮಾತಾಡತೊಡಗಿದೆ. ಮೊದಲು ಇಂದಿಸನ ದನಿಯಲ್ಲಿ: "ತರಾಸಿ, ಗಾರೆ ಇನ್ನೂ ಹಸಿ ಇದೆ ಕಣಯ್ಯಾ. ಉಗುರು ಊರಿದ್ರೆ ಒಳಕ್ಕೆ ಹೋಗ್ತದೆ. ಇನ್ನೊಂದು ತಿಂಗ್ಳು ಆಸರೆ ತೆಗೀಬೇಡ." ಆಮೇಲೆ ನಿನ್ನ ದನಿಯಲ್ಲಿ: "ಇಟ್ಟಿಗೆ ಇಡೋನು ಇಟ್ಟಿಗೆ ಇಡು ಭಾವ. ಮೇಸ್ತ್ರಿ ನಾನಾ ನೀನಾ? ಹತ್ತು, ಹತ್ತಿ ತೆಗಿ. ಹೆದ್ರಿಕೆ ಆದ್ರೆ ಅಕ್ಕನ ಸೀರೆ ಉಟ್ಕೊಂಡು ಮನೇಲಿರು." ಹೀಗೆ ಮೂರು ಸಲ ಹೇಳಿದೆ. ಒಂದಕ್ಷರ ಬದಲಾಗಲಿಲ್ಲ.

ನನ್ನ ಕೈಯಲ್ಲಿ ಆಡಿನ ಕಾಲಿನ ಸಾರಿನ ಬಟ್ಟಲಿತ್ತು. ಅದನ್ನು ಕೆಳಗಿಟ್ಟು ಎದ್ದು ಬಂದಿದ್ದರೆ ಸಂಜೆಯೊಳಗೆ ನೀನು ಹೋಗಿಬಿಡುತ್ತಿದ್ದೆ. ಪ್ರಸಾದ ತಿಂದವನು, ಎಲ್ಲ ಮನ್ನಾ ಆದವನು, ನೇರ ಸ್ವರ್ಗಕ್ಕೆ. ಬಟ್ಟಲು ಹಿಡಿದೇ ಕೂತು ಯೋಚಿಸಿದೆ. ಬಾಗಿಲು ಕಾಯುವವಳಿಗೆ ಇಗರ್ಜಿಯ ಕಟ್ಟಳೆ ಚೆನ್ನಾಗಿ ಗೊತ್ತು. ಸಾಯುತ್ತಾನೆಂದು ಪ್ರಸಾದ ಕೊಟ್ಟವನು ಬದುಕಿಬಿಟ್ಟರೆ, ಎದ್ದು ಹೋಗಿ ಮತ್ತೆ ಮೊಗಸಾಲೆಯ ತನ್ನ ಜಾಗದಲ್ಲೇ ನಿಂತು ಉಳಿದ ಶಿಕ್ಷೆ ತೀರಿಸಬೇಕು.

ಆವತ್ತಿನಿಂದ ಇಪ್ಪತ್ತು ದಿನ ನಿನ್ನನ್ನು ಸಾಯಗೊಡಲಿಲ್ಲ. ಗಂಟೆಗೊಮ್ಮೆ ಸಾರು, ಎದೆಗೆ ಬಿಸಿ ಎಣ್ಣೆ, ಹಣೆಗೆ ಹುಳಿನೀರಿನ ಬಟ್ಟೆ. ಊರೆಲ್ಲ ಹೊಗಳಿತು, ಅಕ್ಕ ಅಂದರೆ ಹೀಗಿರಬೇಕು ಎಂದು. ನೀನು ಎದ್ದು ಕೂತ ದಿನ ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಮುಂದಿನ ಭಾನುವಾರ ಕೋಲೂರಿಕೊಂಡು ಬಂದು ಮೊಗಸಾಲೆಯಲ್ಲಿ ನಿಂತೆಯಲ್ಲ, ಗಡಗಡ ನಡುಗುತ್ತಾ, ಒರಗಲು ಗೋಡೆ ಹುಡುಕುತ್ತಾ. ಅವತ್ತು ಬಾಗಿಲ ಅಗಳಿಯನ್ನು ನಾನೇ ಹಾಕಿದೆ.

ಒಂದು ದಿನ ಮಾತ್ರ ಕೈ ಸೋತಿತು. ನಿನ್ನ ಬೆನ್ನು ಒರೆಸುವಾಗ ಆ ಗಾಯದ ಗುರುತು ಕಂಡಿತು. ನಿನಗೆ ಮೂರು ವರ್ಷವಿದ್ದಾಗ ಎತ್ತಿಕೊಂಡು ಬಂಡೆ ಹತ್ತಲು ಹೋಗಿ ನಾನೇ ಬೀಳಿಸಿದ್ದು. ನಾನು ಅತ್ತುಬಿಟ್ಟೆ. ಇಂದಿಸನಿಗಾಗಿ ಅಲ್ಲ, ನಿನಗಾಗಿಯೇ. ಅದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಈಗ ನೀನು ಮಾಡಬೇಕಾದದ್ದು. ಇವತ್ತು ಗುರುವಾರ. ಭಾನುವಾರ ನಿನ್ನನ್ನು ಮಂಚದ ಸಮೇತ ಹೊತ್ತು ತರಲು ಲಲ್ಲಿಸಳ ಅಣ್ಣಂದಿರಿಗೆ ಹೇಳು. ಇಗರ್ಜಿಯ ಬಾಗಿಲಲ್ಲಿ ಮಲಗಿಕೊಂಡೇ ಊರಿಗೆಲ್ಲ ಕೇಳುವ ಹಾಗೆ ಹೇಳು: ಆಸರೆ ತೆಗೆಸಿದವನು ನಾನು, ಇಂದಿಸ್ ಬೇಡವೆಂದಿದ್ದ. ಇಷ್ಟೇ. ಆ ಇಬ್ಬರು ಹೆಂಗಸರೂ ಅಲ್ಲಿರುತ್ತಾರೆ, ನಾನೇ ಮುಂದೆ ನಿಲ್ಲಿಸುತ್ತೇನೆ. ಅಷ್ಟು ಹೇಳಿದ ಮೇಲೆ ನೀನು ಸುಖವಾಗಿ ಸಾಯಬಹುದು. ನಾನು ನಿನ್ನ ಕಣ್ಣು ಮುಚ್ಚಿ ಎದೆ ಬಡಿದುಕೊಂಡು ಅಳುತ್ತೇನೆ, ಅದು ನಾಟಕವಾಗಿರುವುದಿಲ್ಲ.

ಹೇಳದಿದ್ದರೆ ಸೋಮವಾರ ಬೆಳಿಗ್ಗೆ ಹೊರಡುತ್ತೇನೆ. ಆಡು ಕೊಯ್ಯಲು ಹೇಳಿದ್ದಾಗಿದೆ. ಅಷ್ಟರಲ್ಲಿ ಪಾದ್ರಿ ಬಂದು ಮತ್ತೆ ಪ್ರಸಾದ ಕೊಟ್ಟಿದ್ದರೂ ಚಿಂತೆಯಿಲ್ಲ. ಅಕ್ಕನ ಕೈಯಿಂದ ಉಣ್ಣುವುದಿಲ್ಲ ಎಂದು ಹಲ್ಲು ಕಚ್ಚುತ್ತೀಯ, ಗೊತ್ತು. ಕಚ್ಚು. ಬೇಕೆಂದೇ ಅನ್ನ ಬಿಟ್ಟು ಸತ್ತವನ ಹೆಸರನ್ನೂ ಬಲಿಪೀಠದ ಮುಂದೆ ಓದುವುದಿಲ್ಲ, ನೀನೇ ಪಾದ್ರಿಯನ್ನು ಕೇಳಿ ನೋಡು. ಲಲ್ಲಿಸಳಿಗೆ ಈ ಕಾಗದ ತೋರಿಸಲು ನಿನಗೆ ಧೈರ್ಯವಿಲ್ಲ. ತೋರಿಸದಿದ್ದರೆ ಅವಳೇ ನಿನ್ನ ತಲೆ ಹಿಡಿದುಕೊಳ್ಳುತ್ತಾಳೆ, ನಾನು ಬಾಯಿಗೆ ಹಾಕುತ್ತೇನೆ. ಇನ್ನೂ ಏಳು ಚಳಿಗಾಲ ಇವೆ. ನನ್ನ ಮೈಯಲ್ಲಿ ಶಕ್ತಿಯಿದೆ.

ಸೋಮವಾರದವರೆಗೆ ಬೆಚ್ಚಗೆ ಹೊದ್ದುಕೊಂಡಿರು.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ತಾತಿಸ್

ನೂರು ವರ್ಷ ಬಾಳು, ತಮ್ಮಾ.